ಗಸಗಸೆಯ ಪೊಟ್ಟಣ ತೆಗೆದಿಟ್ಟ ವೈನಿಗೆ, ಕಾಗದಪತ್ರ ಹೊತ್ತು ಅಲೆದ ಕಾಕಾಗೆ

ನನ್ನ ಹೆಂಡತಿಗೂ ಮಗಳಿಗೂ ಯುಎಇಯ ನಿವಾಸಿ ವೀಸಾ ದೊರೆತು, ನಾವು ಮೂವರೂ ದುಬೈಯಲ್ಲಿ ಒಂದೇ ಸೂರಿನಡಿ ಬಾಳತೊಡಗಿ ಈ ತಿಂಗಳಿಗೆ ಒಂದು ವರ್ಷವಾಯಿತು. ಶರಣಬಸವೇಶ್ವರರ ಜಾತ್ರೆಗೆಂದು ಕಲಬುರಗಿಗೆ ಬಂದಿರುವ ಈ ಹೊತ್ತಿನಲ್ಲಿ, ಆ ಬಾಳಿಗೆ ದಾರಿ ಮಾಡಿಕೊಟ್ಟವರನ್ನು ನೆನೆಯಬೇಕೆನಿಸಿದೆ.

ಮೊದಲ ನಮಸ್ಕಾರ ಕಾಕಾಗೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇದ್ದರೆ ಸಾಕೆಂದು ತಿಳಿದು ನಾನು ನಿಶ್ಚಿಂತನಾಗಿದ್ದೆ. ಆದರೆ ಮದುವೆಯ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಅನಂತರ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯದ ಮುದ್ರೆ ಬೀಳಬೇಕಿತ್ತು. ಹೆಸರಿನ ಒಂದಕ್ಷರ ಹೊಂದದಿದ್ದರೂ ಎಲ್ಲವೂ ನಿಲ್ಲುವ ಸ್ಥಿತಿ. ನಿವೃತ್ತ ಶಿಕ್ಷಕರಾದ ಕಾಕಾ ಕನ್ನಡಕ ಏರಿಸಿಕೊಂಡು, ಎಲ್ಲ ಪ್ರತಿಗಳನ್ನೂ ಚಾಪೆಯ ಮೇಲೆ ಹರವಿ, ಕೆಂಪು ಪೆನ್ಸಿಲಿನಿಂದ ಒಂದೊಂದೇ ವ್ಯತ್ಯಾಸವನ್ನು ಗುರುತಿಸಿದ್ದರು. ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದೂರು ಗುಲ್ಬರ್ಗಾ, ಮದುವೆಯ ಪತ್ರದಲ್ಲಿ ಕಲಬುರಗಿ. 2014ರ ನವೆಂಬರ್ 1ರಂದು ಊರಿನ ಹೆಸರು ಬದಲಾದದ್ದು ನಮಗೆಲ್ಲ ಗೊತ್ತು, ಪರದೇಶದ ಗುಮಾಸ್ತನಿಗೆ ಹೇಗೆ ಗೊತ್ತಾಗಬೇಕು? ಆ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನು ಅವರು ಹುಡುಕಿ ತಂದರು. ಮಗಳ ಜನನ ಪತ್ರದಲ್ಲಿ ತಾಯಿಯ ಹೆಸರಿನ ಮುಂದೆ ಬರಿಯ ಇನಿಶಿಯಲ್ ಇತ್ತು. ಅದನ್ನು ಪಾಸ್‌ಪೋರ್ಟಿನಲ್ಲಿದ್ದಂತೆ ಬಿಡಿಸಿ ಬರೆಸಲು ಈ ವಯಸ್ಸಿನಲ್ಲಿ, ಬೇಸಿಗೆಯ ಬಿಸಿಲಿನಲ್ಲಿ, ಎಷ್ಟು ಸಲ ಕಚೇರಿಯ ಮೆಟ್ಟಿಲೇರಿದರೋ ನನಗೆ ಇಂದಿಗೂ ಹೇಳಿಲ್ಲ.

ಪಕ್ಕದ ಮನೆಯ ವೈನಿಯ ಋಣ ಬೇರೆ ಬಗೆಯದು. ನಾನು ಮೊದಲ ಸಲ ಹೊರಡುವ ಹಿಂದಿನ ರಾತ್ರಿ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ಕಟ್ಟಿ, ಮಸಾಲೆಗೆ ಬೇಕಾದೀತೆಂದು ಕಾಗದದಲ್ಲಿ ಒಂದು ಹಿಡಿ ಗಸಗಸೆಯನ್ನೂ ಸುತ್ತಿ ಇಟ್ಟಿದ್ದಳು. ಗಂಡ ಕೊಲ್ಲಿ ದೇಶದಲ್ಲಿ ದುಡಿದು ಬಂದವರಾದ್ದರಿಂದ ವೈನಿಗೆ ಎಲ್ಲವೂ ತಿಳಿದಿತ್ತು. ಚೀಲ ಬಿಚ್ಚಿಸಿ, ಪೊಟ್ಟಣವನ್ನು ಮೂಸಿ ನೋಡಿ, "ಇದೊಂದು ಬ್ಯಾಡ್ರಿ ಅತ್ತಿ, ಅಲ್ಲಿ ಇದಕ್ಕ ಜೈಲಾಗತದ" ಎಂದು ತೆಗೆದಿಟ್ಟರು. ಯುಎಇಯಲ್ಲಿ ಗಸಗಸೆ ನಿಷಿದ್ಧ ವಸ್ತುವೆಂಬುದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೊಡೀನ್ ಬೆರೆತ ಕೆಮ್ಮಿನ ಔಷಧಿಯ ಬಾಟಲಿಯನ್ನೂ ಅವರೇ ಹೊರಗಿಟ್ಟರು. ಆ ರಾತ್ರಿ ಅವರು ಬಾರದೆ ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಕೈ ನಡುಗುತ್ತದೆ.

ದುಬೈಯಲ್ಲಿ ನನ್ನ ಕೈ ಹಿಡಿದವರು ಭಾಲ್ಕಿ ಕಡೆಯ ಒಬ್ಬ ಹಿರಿಯ ಸಹೋದ್ಯೋಗಿ. ಕಡಿಮೆ ಬಾಡಿಗೆಯ ಕೋಣೆಯೊಂದಕ್ಕೆ ಮುಂಗಡ ಕೊಡಲು ಹೊರಟಿದ್ದ ನನ್ನನ್ನು, "ತಮ್ಮಾ, ಇಜಾರಿ ಆಗದ ಮನಿಗೆ ಒಂದು ದಿರ್ಹಮ್ ಕೊಡಬ್ಯಾಡ" ಎಂದು ತಡೆದರು. ಇಜಾರಿ ಎಂದರೆ ಬಾಡಿಗೆ ಕರಾರಿನ ಸರ್ಕಾರಿ ನೋಂದಣಿ. ಅದಿಲ್ಲದೆ ನನ್ನ ಹೆಸರಿಗೆ ವಿದ್ಯುತ್ತು ನೀರು ಬರುತ್ತಿರಲಿಲ್ಲ, ಮನೆಯವರ ವೀಸಾ ಅರ್ಜಿಯೂ ಮುಂದೆ ಸಾಗುತ್ತಿರಲಿಲ್ಲ. ವರ್ಷದ ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನು ಕೊಡಬೇಕಾದ ಆ ಊರಿನಲ್ಲಿ ಅಲ್ಲಿಯ ನಿವಾಸಿಗಳ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಕೈಸೇರುವವರೆಗೆ ನನ್ನ ಬಳಿ ಚೆಕ್ ಪುಸ್ತಕವೇ ಇರಲಿಲ್ಲ. ಅಷ್ಟು ದಿನ ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಅಣ್ಣನಂತೆ ಉಣಬಡಿಸಿದರು.

ಊರಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂದು ಸಕಾಲದಲ್ಲಿ ನೆನಪಿಸಿದ ಗೆಳೆಯನಿಗೂ ನಾನು ಋಣಿ.

ರಥೋತ್ಸವ ಮುಗಿದು ಒಂದು ವಾರದವರೆಗೆ ನಾನು ಊರಿನಲ್ಲಿರುತ್ತೇನೆ. ಹೊರದೇಶಕ್ಕೆ ಹೊರಟಿರುವ ನಮ್ಮ ಭಾಗದ ಹುಡುಗರು, ಹುಡುಗಿಯರು ಸಂಜೆ ಯಾವಾಗ ಬೇಕಾದರೂ ಮನೆಗೆ ಬರಬಹುದು. ಕಾಕಾ ಆ ಫೈಲನ್ನು ಕೆಂಪು ಗುರುತುಗಳ ಸಮೇತ ಇನ್ನೂ ಜೋಪಾನವಾಗಿಟ್ಟಿದ್ದಾರೆ, ಬಂದವರ ಕಾಗದಪತ್ರಗಳನ್ನೂ ತಾವೇ ನೋಡಿಕೊಡುವುದಾಗಿ ಹೇಳಿದ್ದಾರೆ.