ಲ್ಯಾಬಿನ ಮೇಡಂಗೆ ಮೊದಲ ವಂದನೆ

ಇಡೀ ಟರ್ಮ್ ಬಾಯಿ ಹುಣ್ಣಿಲ್ಲದೆ ಪಾಠ ಮಾಡಿದೆ. ಇದಕ್ಕೆ ಕಾರಣರಾದವರನ್ನು ಇಲ್ಲಿ ನೆನೆಯಬೇಕು. ಮೊದಲನೆಯವರು ಹಾಸನದ ಆಸ್ಪತ್ರೆಯ ಲ್ಯಾಬಿನಲ್ಲಿರುವ ಮೇಡಂ. ವಾಸಿಯಾದಮೇಲೆ ಎಲ್ಲರೂ ಡಾಕ್ಟರಿಗೆ ಕೈ ಮುಗಿಯುತ್ತೇವೆ, ಲ್ಯಾಬಿನವರು ನೆನಪಿಗೇ ಬರುವುದಿಲ್ಲ, ಅಲ್ವಾ?

ವರ್ಷಗಳಿಂದ ಇದೇ ಪಾಡು. ತುಟಿಯ ಒಳಗಿನ ಹುಣ್ಣು ಮಾಯುವಷ್ಟರಲ್ಲಿ ನಾಲಿಗೆಯ ಅಂಚಿನಲ್ಲಿ ಇನ್ನೊಂದು. ಬಸ್ಸಾರು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಉಷ್ಣ ಎಂದು ಅತ್ತೆ ಬಸಳೆ ತಂಬುಳಿ ಮಾಡಿಕೊಡುತ್ತಿದ್ದರು. ಎಷ್ಟೋ ದಿನ ನನಗೆ ಇಳಿಯುತ್ತಿದ್ದುದು ಅದೊಂದೇ. ಅತ್ತೆ, ನಿಮ್ಮ ಋಣ ದೊಡ್ಡದು.

ಕೊನೆಗೆ ಡಾಕ್ಟರ್ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ ಮಾಡಿಸಿದರು. ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಶೇಕಡಾ 72, ಲಿಂಫೋಸೈಟ್ ಎಂಬ ಬಗೆ 24. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉರಿಯೂತದ ಸುಳಿವು ಸಿಗುತ್ತದೆ ಎಂದು ಎಲ್ಲೋ ಓದಿದ್ದೆ. 3 ಬಂತು. ರಾತ್ರಿಯೆಲ್ಲಾ ನಿದ್ದೆಯಿಲ್ಲ. ಡಾಕ್ಟರ್ ರೇಗಲಿಲ್ಲ, ಕೂರಿಸಿ ವಿವರಿಸಿದರು. "ಪದೇ ಪದೇ ಹುಣ್ಣಾಗುವವರಲ್ಲಿ ಇದು ಸ್ವಲ್ಪ ಜಾಸ್ತಿ ಇರುತ್ತೆ ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ ಕಣಮ್ಮ. ಆದರೆ ಸೋಂಕಾದರೂ ಏರುತ್ತೆ, ಮೈಮನಸ್ಸು ದಣಿದರೂ ಏರುತ್ತೆ. ಇದೊಂದನ್ನೇ ನೋಡಿ ಕಾಯಿಲೆ ಹೇಳೋಕಾಗಲ್ಲ." ಕಣ್ಣು ಕೆಂಪಾಗುತ್ತದೆಯೇ, ಕೀಲು ನೋಯುತ್ತದೆಯೇ, ಗುಪ್ತಾಂಗದಲ್ಲಿ ಹುಣ್ಣಾಗುತ್ತದೆಯೇ ಎಂದೂ ಕೇಳಿದರು. ಬೆಹ್ಚೆಟ್ ಎಂಬ ಕಾಯಿಲೆಯಲ್ಲಿ ಹಾಗಾಗುತ್ತದಂತೆ. ಸಂಕೋಚವಾಗದ ಹಾಗೆ ಕೇಳಿದ್ದಕ್ಕೆ ಅವರಿಗೂ ನಮಸ್ಕಾರ.

ನನ್ನ ಕಾರಣ ಸಿಕ್ಕಿದ್ದು ಬೇರೆ ಕಡೆ. ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ 106 ಇತ್ತು. 100ರ ಒಳಗಿರಬೇಕು. ಯಂತ್ರ ಕೊಟ್ಟ ಅಂಕಿಯನ್ನು ಪ್ರಿಂಟ್ ತೆಗೆದು ಕೊಟ್ಟಿದ್ದರೂ ಮೇಡಂ ಕೆಲಸ ಮುಗಿಯುತ್ತಿತ್ತು. ಅವರು ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದರು, ಪೆಥಾಲಜಿ ಡಾಕ್ಟರನ್ನು ಕರೆದು ತೋರಿಸಿದರು. ನ್ಯೂಟ್ರೋಫಿಲ್ ಕಣದ ನ್ಯೂಕ್ಲಿಯಸ್‌ನಲ್ಲಿ ಸಾಮಾನ್ಯವಾಗಿ ಮೂರೋ ನಾಲ್ಕೋ ಎಸಳಿರುತ್ತವೆ. ನನ್ನ ಕೆಲವು ಕಣಗಳಲ್ಲಿ ಆರು! ಬಿ12 ಅಥವಾ ಫೋಲೇಟ್ ಎಂಬ ವಿಟಮಿನ್ ಕಡಿಮೆಯಾದಾಗ ಹೀಗಾಗುತ್ತದಂತೆ. ಪರೀಕ್ಷೆ ಮಾಡಿದರೆ ಬಿ12 ತೀರಾ ಕಡಿಮೆ. ಇಂಜೆಕ್ಷನ್ ಶುರುವಾಯಿತು. ಹುಣ್ಣು ಮೊದಲು ಚಿಕ್ಕದಾದವು, ಆಮೇಲೆ ಅಪರೂಪವಾದವು, ಈಗ ಇಲ್ಲ.

ಎಲ್ಲರ ಹುಣ್ಣಿಗೂ ಬಿ12 ಕಾರಣವಲ್ಲ, ಸುಮ್ನೆ ಇಂಜೆಕ್ಷನ್ ತಗೊಳ್ಳಬೇಡಿ. ಒಂದೇ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ತಡಮಾಡದೆ ತೋರಿಸಿ. ಹೊಗೆಸೊಪ್ಪು ಹಾಕುವವರಂತೂ ಖಂಡಿತ ತೋರಿಸಬೇಕು. ಇದು ಡಾಕ್ಟರ್ ಎಲ್ಲರಿಗೂ ಹೇಳಿ ಎಂದಿದ್ದ ಮಾತು.

ಮಾತಾಡಲಾಗದ ದಿನಗಳಲ್ಲಿ ನನ್ನ ಪೀರಿಯಡ್ ತೆಗೆದುಕೊಂಡ ಸಹೋದ್ಯೋಗಿಗಳೇ, ನಿಮಗೂ ವಂದನೆ. ಏಳನೇ ಕ್ಲಾಸಿನ ಮಕ್ಕಳೇ, ಆಗ ಪದ್ಯಗಳನ್ನೆಲ್ಲ ನೀವೇ ಓದುತ್ತಿದ್ದಿರಿ. ಮುಂದಿನ ಪದ್ಯ ನಾನೇ ಹಾಡಿ ಹೇಳಿಕೊಡುತ್ತೇನೆ.