ಲಕ್ಷದ್ವೀಪ ಪ್ರವಾಸ: ಹೊರಡುವ ಮೊದಲು ಓದಿ

ಎಲ್ಲರಿಗೂ ನಮಸ್ಕಾರ. ಪ್ರವಾಸಕ್ಕೆ ಹೆಸರು ಕೊಟ್ಟವರು ಇದನ್ನೊಮ್ಮೆ ಪೂರ್ತಿ ಓದಿಬಿಡಿ.

ಮೊದಲು ಪರ್ಮಿಟ್. ಅದಿಲ್ಲದೆ ದ್ವೀಪಕ್ಕೆ ಕಾಲಿಡುವ ಹಾಗಿಲ್ಲ. ಗುರುತಿನ ಚೀಟಿ ಮತ್ತು ಫೋಟೋ ಇನ್ನೂ ಕಳಿಸದವರು ಇವತ್ತೇ ಕಳಿಸಿ, ದಯವಿಟ್ಟು.

ಲಕ್ಷದ್ವೀಪ ಅಂದರೆ ಲಕ್ಷ ದ್ವೀಪಗಳೇನೂ ಇಲ್ಲ! ಇರೋದು 36, ಜನವಸತಿ 10ರಲ್ಲಿ ಮಾತ್ರ. ಎಲ್ಲಾ ಸೇರಿಸಿದರೂ 32 ಚದರ ಕಿಲೋಮೀಟರ್. ನಮಗೂ ಇದು ತೀರಾ ದೂರದ ಊರಲ್ಲ. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ತೆಂಗಿನ ನಾರಿನ ಹಗ್ಗ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು.

ಹೆಚ್ಚಿನ ಕಡೆ ಜೆಸೆರಿ ಮಾತಾಡುತ್ತಾರೆ, ಮಲಯಾಳಂ ಬಲ್ಲವರಿಗೆ ಸುಲಭ. ಮಿನಿಕಾಯ್ ಮಾತ್ರ ಬೇರೆಯೇ ಲೋಕ. ಅಲ್ಲಿನ ಮಹಲ್ ಭಾಷೆ ಮಾಲ್ಡೀವ್ಸ್‌ನ ಮಾತಿಗೆ ಹತ್ತಿರ. ಗಾಳ ಕಟ್ಟಿದ ಕೋಲಿನಿಂದ ಟ್ಯೂನಾ ಮೀನನ್ನು ಒಂದೊಂದಾಗಿ ಎಳೆದು ಹಾಕುತ್ತಾರೆ, ಬಲೆ ಬೀಸುವುದಿಲ್ಲ. ಅದನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಒಣಗಿಸಿದರೆ ಮಾಸ್. ಕಲ್ಲಿನಷ್ಟು ಗಟ್ಟಿ, ರುಚಿಯಂತೂ ಜೋರು. 1885ರ ಲೈಟ್‌ಹೌಸ್ ಕೂಡ ಅಲ್ಲೇ ಇದೆ.

ಹವಳದ ಮೇಲೆ ಕಾಲಿಡಬೇಡಿ. ಅದು ಕಲ್ಲಲ್ಲ, ಜೀವ. ಸತ್ತ ಚೂರನ್ನೂ ಬ್ಯಾಗಿಗೆ ಹಾಕಬೇಡಿ, ಕೇಸಾಗುತ್ತದೆ. ಊರೊಳಗೆ ಮೈತುಂಬ ಬಟ್ಟೆ ಇರಲಿ. ಕೇಳದೆ ಯಾರ ಫೋಟೋನೂ ತೆಗೆಯಬೇಡಿ. ಜನವಸತಿ ಇರುವ ದ್ವೀಪಗಳಲ್ಲಿ ಮದ್ಯ ನಿಷೇಧ, ಸುಮ್ನೆ ಪ್ರಯತ್ನವೂ ಬೇಡ.

ಹಡಗಿನಲ್ಲಿ ವಾಂತಿ ಆಗುವವರು ಮಾತ್ರೆ ಇಟ್ಟುಕೊಳ್ಳಿ. ಕುಡಿದ ನೀರಿನ ಖಾಲಿ ಬಾಟಲಿಗಳು ನಮ್ಮ ಜೊತೆಗೇ ವಾಪಸ್ ಬರಬೇಕು.