ಕತ್ತಲಲ್ಲಿ ನಿಂತು ಉತ್ತರ ಹೇಳುವವರಿಗಾಗಿ ಒಂದು ಮನವಿ

ಮಾನ್ಯರೇ,

ನಮ್ಮ ವಿಜ್ಞಾನ ಕೇಂದ್ರ ಮತ್ತು ತಾರಾಲಯದ ಪರವಾಗಿ ಈ ಮನವಿ. ಮೊದಲೇ ಹೇಳಿಬಿಡುತ್ತೇವೆ: ಹೊಸ ಕಟ್ಟಡಕ್ಕಾಗಲಿ, ಇನ್ನೂ ದೊಡ್ಡ ಗುಮ್ಮಟಕ್ಕಾಗಲಿ ನಾವು ಹಣ ಕೇಳುತ್ತಿಲ್ಲ. ಕಟ್ಟಡಕ್ಕೆ ದಾನಿಗಳು ಹೇಗೋ ಸಿಗುತ್ತಾರೆ. ಶಂಕುಸ್ಥಾಪನೆಗೆ ಜನ ಸೇರುತ್ತಾರೆ, ಉದ್ಘಾಟನೆಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆಮೇಲೆ ವರ್ಷಗಟ್ಟಲೆ ಅದೇ ಗುಮ್ಮಟದ ಕೆಳಗೆ ಮೈಕ್ ಹಿಡಿದು ನಿಲ್ಲುವವರಿಗೆ ಸಂಬಳ ಎಲ್ಲಿಂದ ಬರಬೇಕು ಎಂಬುದಕ್ಕೆ ಮಾತ್ರ ಯಾವ ಶಿಲಾಫಲಕದಲ್ಲೂ ಉತ್ತರ ಕೆತ್ತಿರುವುದಿಲ್ಲ. ಈ ಮನವಿ ಅವರಿಗಾಗಿ. ನಾವು ಅವರನ್ನು ವಿವರಣೆಗಾರರು ಎಂದು ಕರೆಯುತ್ತೇವೆ.

ಅವರು ಮಾಡುವ ಕೆಲಸ ಹೊರಗಿನಿಂದ ನೋಡಿದರೆ ಏನೂ ಅಲ್ಲ ಎನಿಸಬಹುದು. ಶಾಲೆಯ ಮಕ್ಕಳ ಒಂದು ತಂಡ ಬರುತ್ತದೆ. ‘ಚಂದ್ರ ಹುಣ್ಣಿಮೆಯಾದ ಮೇಲೆ ದಿನದಿನಕ್ಕೆ ಯಾಕೆ ಸವೆಯುತ್ತಾನೆ?’ ಎಂದು ವಿವರಣೆಗಾರರು ಕೇಳುತ್ತಾರೆ. ‘ಭೂಮಿಯ ನೆರಳು ಬೀಳುವುದರಿಂದ’ ಎಂದು ಹಲವರು ಒಕ್ಕೊರಲಿನಿಂದ ಹೇಳುತ್ತಾರೆ. ಜತೆಗೆ ಬಂದ ದೊಡ್ಡವರಲ್ಲೂ ಕೆಲವರು ಹೌದೆಂದು ತಲೆಯಾಡಿಸುತ್ತಾರೆ. ತಪ್ಪು ಎಂಬ ಮಾತು ವಿವರಣೆಗಾರರ ಬಾಯಿಂದ ಬರುವುದಿಲ್ಲ. ಪರದೆ ಎಳೆದು, ಕೋಣೆಯ ನಡುವೆ ಒಂದೇ ಒಂದು ಬಲ್ಬ್ ಹೊತ್ತಿಸಿ, ಕಡ್ಡಿಗೆ ಚುಚ್ಚಿದ ಥರ್ಮೋಕೋಲ್ ಚೆಂಡನ್ನು ಒಬ್ಬೊಬ್ಬರ ಕೈಗೂ ಕೊಡುತ್ತಾರೆ. ಬಲ್ಬ್ ಸೂರ್ಯ, ಚೆಂಡು ಚಂದ್ರ, ನಿಮ್ಮ ತಲೆಯೇ ಭೂಮಿ. ಕೈ ಚಾಚಿ ಚೆಂಡನ್ನು ಬಲ್ಬಿನ ಕಡೆಗೆ ಹಿಡಿದರೆ ನಮ್ಮತ್ತ ಇರುವ ಮೈ ಪೂರ್ತಿ ಕಪ್ಪು, ಅದು ಅಮಾವಾಸ್ಯೆ. ನಿಂತಲ್ಲೇ ಸ್ವಲ್ಪ ಎಡಕ್ಕೆ ತಿರುಗಿದರೆ ಚೆಂಡಿನ ಬಲ ಅಂಚಿನಲ್ಲಿ ಬೆಳಕಿನ ತೆಳು ಗೆರೆ ಮೂಡುತ್ತದೆ. ಕಾಲು ಸುತ್ತು ತಿರುಗುವಷ್ಟರಲ್ಲಿ ಅರ್ಧ ಚೆಂಡು ಬೆಳಗಿರುತ್ತದೆ. ಅಲ್ಲಿಗೆ ಎಲ್ಲರನ್ನೂ ನಿಲ್ಲಿಸಿ, ‘ನಿಮ್ಮ ತಲೆಯ ನೆರಳು ಈಗ ಎಲ್ಲಿದೆ, ತೋರಿಸಿ’ ಎನ್ನುತ್ತಾರೆ. ನೆರಳು ಎಡಗಡೆಯ ಗೋಡೆಯ ಮೇಲಿರುತ್ತದೆ; ಚೆಂಡಿನ ಹತ್ತಿರಕ್ಕೂ ಸುಳಿದಿರುವುದಿಲ್ಲ. ಒಕ್ಕೊರಲಿನ ಉತ್ತರ ಕುಸಿಯುವುದು ಅಲ್ಲಿ.

ಇನ್ನೂ ತಿರುಗಿ ಬಲ್ಬಿಗೆ ಬೆನ್ನು ಮಾಡಿದಾಗ ತಲೆಯ ನೆರಳು ಚೆಂಡನ್ನು ನುಂಗಿಬಿಡುತ್ತದೆ. ಅದು ಗ್ರಹಣ, ಸರಿ. ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣವಾಗಬೇಕಿತ್ತಲ್ಲ? ಗುಜುಗುಜು ಶುರುವಾಗುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಕೈಯನ್ನು ಚೂರು ಮೇಲಕ್ಕೆತ್ತುತ್ತಾರೆ, ಚೆಂಡು ಇಡಿಯಾಗಿ ಬೆಳಗುತ್ತದೆ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ ಎಂಬುದನ್ನು ವಿವರಣೆಗಾರರು ಆಗ ಹೇಳುತ್ತಾರೆ, ಅದಕ್ಕಿಂತ ಮೊದಲು ಹೇಳುವುದಿಲ್ಲ.

ಈ ಪ್ರಯೋಗದ ಸಾಮಗ್ರಿಗೆ ಖರ್ಚೇ ಇಲ್ಲ ಎನ್ನಬೇಕು. ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಕಾಯುವ ಆ ವ್ಯಕ್ತಿಯನ್ನು ತಯಾರು ಮಾಡುವುದಕ್ಕೆ ಖರ್ಚಿದೆ. ಭೌತಶಾಸ್ತ್ರ ಓದಿದವರೆಲ್ಲ ಈ ಕೆಲಸಕ್ಕೆ ಒದಗುವುದಿಲ್ಲ. ಯಾವ ವಯಸ್ಸಿನವರಿಗೆ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಅಸಂಬದ್ಧವೆನಿಸುವ ಪ್ರಶ್ನೆಯ ಹಿಂದೆ ಎಂಥ ಒಳ್ಳೆಯ ಗೊಂದಲ ಅಡಗಿದೆ ಎಂಬುದೆಲ್ಲ ಜನರ ನಡುವೆ ನಿಂತು ನಿಂತೇ ಕೈಗೂಡಬೇಕು. ಕೈಗೂಡುವ ಹೊತ್ತಿಗೆ ಸಂಬಳ ಸಾಲದೆ ಅವರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಅವರನ್ನು ದೂರುವಂತಿಲ್ಲ.

ಇದು ನಾವು ಕಂಡುಹಿಡಿದ ಹೊಸ ವಿಚಾರವೇನೂ ಅಲ್ಲ. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಎಕ್ಸ್‌ಪ್ಲೊರೇಟೋರಿಯಂ’ ಎಂಬ ವಿಜ್ಞಾನ ಸಂಗ್ರಹಾಲಯ ತೆರೆದಾಗ, ಮುಟ್ಟಿ ನೋಡಬೇಕಾದ ಉಪಕರಣಗಳ ಪಕ್ಕದಲ್ಲಿ ವಿವರಿಸಲು ನಿಲ್ಲಿಸಿದ್ದು ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು, ಅದೂ ಸಂಬಳ ಕೊಟ್ಟು. ತಾರಾಲಯದ ಕಥೆಯೂ ಹೀಗೆಯೇ. ಮ್ಯೂನಿಕ್‌ನ ಡಾಯ್ಚೆಸ್ ಮ್ಯೂಸಿಯಂಗೆ ಆಕಾಶವನ್ನು ತೋರಿಸುವ ಯಂತ್ರವೊಂದು ಬೇಕಾಗಿತ್ತು. ಒಳಗೆ ಜನ ಕೂರುವಂಥ ದೊಡ್ಡ ಗೋಳವನ್ನೇ ತಿರುಗಿಸುವ ಯೋಚನೆ ಮೊದಲಿನದು. ಗೋಳ ತಿರುಗಬೇಕಿಲ್ಲ, ನಡುವಿನಿಂದ ಬೆಳಕನ್ನು ಗುಮ್ಮಟದ ಮೇಲೆ ಹಾಯಿಸಿದರೆ ಸಾಕು ಎಂದು ಕಂಡುಕೊಂಡವರು ಝೈಸ್ ಕಂಪನಿಯ ಎಂಜಿನಿಯರ್ ವಾಲ್ಥರ್ ಬಾವರ್ಸ್‌ಫೆಲ್ಡ್. 1923ರಲ್ಲಿ ಜರ್ಮನಿಯ ಹಣ ಕಾಗದಕ್ಕಿಂತ ಕಡೆಯಾಗಿದ್ದ ದಿನಗಳಲ್ಲಿ ಆ ಯಂತ್ರ ಸಿದ್ಧವಾಯಿತು. ಅದು ಸುಮಾರು 4,500 ನಕ್ಷತ್ರಗಳನ್ನು ತೋರಿಸುತ್ತಿತ್ತು, ಅದೂ ಮ್ಯೂನಿಕ್‌ನ ಅಕ್ಷಾಂಶದಿಂದ ಕಾಣುವ ಆಕಾಶವನ್ನು ಮಾತ್ರ. ಆ ಕಾಲದ ಪ್ರದರ್ಶನವೆಂದರೆ ಕತ್ತಲಲ್ಲಿ ನಿಂತ ಉಪನ್ಯಾಸಕರು ಬೆಳಕಿನ ಬಾಣದಿಂದ ನಕ್ಷತ್ರಗಳನ್ನು ತೋರಿಸುತ್ತ ಮಾತನಾಡುವುದು. 1983ರ ಸುಮಾರಿಗೆ ಕಂಪ್ಯೂಟರ್ ಚಿತ್ರಗಳನ್ನು ಗುಮ್ಮಟದ ಮೇಲೆ ಮೂಡಿಸುವ ಪ್ರೊಜೆಕ್ಟರ್‌ಗಳು ಬಂದವು, ಕ್ರಮೇಣ ರೆಕಾರ್ಡ್ ಮಾಡಿದ ಚಿತ್ರಗಳ ಕಾಲ ಬಂತು. ಆ ಚಿತ್ರಗಳನ್ನು ನಾವೂ ತೋರಿಸುತ್ತೇವೆ, ಚೆನ್ನಾಗಿಯೇ ಇರುತ್ತವೆ. ಆದರೆ ಈ ರಾತ್ರಿ ಊಟವಾದ ಮೇಲೆ ಅಂಗಳಕ್ಕೆ ಬಂದರೆ ಲುಬ್ಧಕ ನಕ್ಷತ್ರ ಯಾವ ದಿಕ್ಕಿನಲ್ಲಿ ಕಾಣುತ್ತದೆ ಎಂದು ಹಿಂದಿನ ಸಾಲಿನಿಂದ ಒಂದು ದನಿ ಕೇಳಿದರೆ, ಆ ಚಿತ್ರ ತನ್ನ ಪಾಡಿಗೆ ತಾನು ಗುರುಗ್ರಹ ದಾಟಿ ಮುಂದಕ್ಕೆ ಹೋಗುತ್ತಿರುತ್ತದೆ.

ಯಂತ್ರಗಳ ಬಗ್ಗೆಯೂ ಒಂದೆರಡು ಮಾತು ಹೇಳಬೇಕು, ಏಕೆಂದರೆ ದೇಣಿಗೆಯ ಒಂದು ಪಾಲು ಅತ್ತ ಹೋಗುತ್ತದೆ. ತಾರಾಲಯದ ಗುಮ್ಮಟ ಅಚ್ಚಬಿಳುಪಲ್ಲ, ಸ್ವಲ್ಪ ಬೂದು. ಅಚ್ಚಬಿಳುಪಾದರೆ ಒಂದು ಬದಿಯ ಬೆಳಕು ಇನ್ನೊಂದು ಬದಿಗೆ ಚಿಮ್ಮಿ ಆಕಾಶ ಮಾಸಿದಂತೆ ಕಾಣುತ್ತದೆ. ಅದರ ಅಲ್ಯೂಮಿನಿಯಂ ತಗಡಿನ ತುಂಬ ಸಣ್ಣ ಸಣ್ಣ ರಂಧ್ರಗಳಿವೆ. ಹಿಂದಿರುವ ಸ್ಪೀಕರ್‌ಗಳ ಧ್ವನಿ ಅವುಗಳ ಮೂಲಕ ಬರುತ್ತದೆ, ಧೂಳು ಕೂರುವುದೂ ಅವುಗಳಲ್ಲೇ. ಒಂದಕ್ಕಿಂತ ಹೆಚ್ಚು ಪ್ರೊಜೆಕ್ಟರ್‌ಗಳ ಚಿತ್ರಗಳು ಅಂಚಿಗೆ ಅಂಚು ಬೆರೆತು ಒಂದೇ ಆಕಾಶವಾಗಬೇಕು. ಒಂದರ ದೀಪ ಮಂಕಾದರೂ ಆಕಾಶದ ನಡುವೆ ಹೊಲಿಗೆ ಎದ್ದು ಕಾಣುತ್ತದೆ. ದೀಪ, ಫಿಲ್ಟರ್, ತಂಪು ಮಾಡುವ ಫ್ಯಾನ್ ಇವೆಲ್ಲ ಸವೆಯುವ ವಸ್ತುಗಳು. ಇವುಗಳಿಗೆ ದಾನ ಮಾಡಿದೆ ಎಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆ ಕಡಿಮೆ ಎಂಬುದು ನಮಗೂ ಗೊತ್ತು.

ತಾರಾಲಯಕ್ಕೆ ಬರಲಾಗದವರ ಬಳಿಗೆ ನಾವೇ ಹೋಗಬೇಕೆಂದಿದ್ದೇವೆ. ಗಾಳಿ ತುಂಬಿ ನಿಲ್ಲಿಸುವ ಸಂಚಾರಿ ಗುಮ್ಮಟಗಳು 1970ರ ದಶಕದಿಂದಲೂ ಇವೆ. ಕಂಬವಿಲ್ಲ, ಹಗ್ಗವಿಲ್ಲ, ಒಂದು ಫ್ಯಾನ್ ನಿರಂತರ ಗಾಳಿ ಊದುತ್ತಿದ್ದರೆ ಬಟ್ಟೆಯ ಗುಮ್ಮಟ ತಾನೇ ಎದ್ದು ನಿಲ್ಲುತ್ತದೆ. ಮಡಚಿದರೆ ವ್ಯಾನಿನ ಹಿಂಬದಿಯಲ್ಲಿ ಹಿಡಿಸುತ್ತದೆ. ಶಾಲೆಯ ಸಭಾಂಗಣವೊಂದಿದ್ದರೆ ಒಂದು ತರಗತಿಯ ಮಕ್ಕಳು ಅದರೊಳಗೆ ಕೂತು ಸಪ್ತರ್ಷಿ ಮಂಡಲದಿಂದ ಧ್ರುವ ನಕ್ಷತ್ರಕ್ಕೆ ಗೆರೆ ಎಳೆಯುವುದನ್ನು ಕಲಿಯಬಹುದು. ಗಾಲಿಕುರ್ಚಿ ನೇರ ಒಳಗೆ ಬರುವಂಥ ಬಾಗಿಲು ಇರುವ ಗುಮ್ಮಟವೇ ಬೇಕೆಂಬುದು ನಮ್ಮ ಹಟ. ತೆವಳಿಕೊಂಡು ಹೋಗುವ ಸುರಂಗದ ಬಾಗಿಲಿನದು ಸುಲಭವಾಗಿ ಸಿಗುತ್ತದೆ, ನಮಗೆ ಅದು ಬೇಡ. ದೃಷ್ಟಿ ಇಲ್ಲದ ಮಕ್ಕಳಿಗಾಗಿ ಬೆರಳಿನಿಂದ ಓದುವ ಚಂದ್ರನೂ ಬೇಕು. 2009ರಲ್ಲಿ ಹೊರಟ ಲೂನಾರ್ ರೆಕಾನಿಸನ್ಸ್ ಆರ್ಬಿಟರ್ ನೌಕೆ ಚಂದ್ರನ ಏರುತಗ್ಗುಗಳನ್ನು ಲೇಸರ್‌ನಿಂದ ಅಳೆದಿದೆ. ಆ ಮಾಹಿತಿ ಎಲ್ಲರಿಗೂ ಮುಕ್ತವಾಗಿದೆ. ಅದನ್ನು ಬಳಸಿ ತ್ರೀಡಿ ಮುದ್ರಣದಲ್ಲಿ ಕುಳಿಗಳಿರುವ ಗೋಳ ಮಾಡಬಹುದು. ಹುಣ್ಣಿಮೆಯ ಚಂದ್ರನಲ್ಲಿ ಕಣ್ಣಿಗೆ ಕಾಣುವ ಕಪ್ಪು ಬಯಲುಗಳು ಬೆರಳಿಗೆ ನುಣುಪಾಗಿ ಸಿಗುತ್ತವೆ.

ತೆರೆದ ಆಕಾಶದ ಕೆಳಗಿನ ದೂರದರ್ಶಕ ವೀಕ್ಷಣೆ ಎಂದಿನಂತೆ ಎಲ್ಲರಿಗೂ ಉಚಿತ, ಮುಂದೆಯೂ ಉಚಿತವೇ. ಶನಿಯ ಉಂಗುರಗಳು 2025ರಲ್ಲಿ ನಮ್ಮ ಕಡೆಗೆ ಅಂಚು ತಿರುಗಿಸಿ ಬರಿಯ ಗೆರೆಯಂತಾಗಿದ್ದವು. 2030ರ ದಶಕದ ಆರಂಭದವರೆಗೆ ಅವು ವರ್ಷದಿಂದ ವರ್ಷಕ್ಕೆ ಅಗಲವಾಗಿ ಕಾಣುತ್ತ ಹೋಗುತ್ತವೆ. ಮೊದಲ ಸಲ ಅವನ್ನು ಕಂಡವರಲ್ಲಿ ಕೆಲವರು ದೂರದರ್ಶಕದ ಮುಂಬದಿಗೆ ಹೋಗಿ ಯಾರಾದರೂ ಚಿತ್ರ ಅಂಟಿಸಿದ್ದಾರೆಯೇ ಎಂದು ಬಗ್ಗಿ ನೋಡುತ್ತಾರೆ. ಅನುಮಾನ ಪಡುವುದು ಒಳ್ಳೆಯದೇ, ನೋಡಲು ಬಿಡುತ್ತೇವೆ. ಮೊಬೈಲ್ ದೀಪ ಮಾತ್ರ ಹಚ್ಚಬೇಡಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಕೆಡಲು ಒಂದು ಕ್ಷಣ ಸಾಕು.

ದೇಣಿಗೆಗೆ ಪ್ರತಿಯಾಗಿ ನಾವು ಏನು ಕೊಡುವುದಿಲ್ಲ ಎಂಬುದನ್ನೂ ತಿಳಿಸಬೇಕು. ನಿಮ್ಮ ಹೆಸರನ್ನು ನಕ್ಷತ್ರಕ್ಕೆ ಇಡುವುದಿಲ್ಲ. ಹಣ ಪಡೆದು ನಕ್ಷತ್ರಕ್ಕೆ ಹೆಸರಿಟ್ಟು ಪ್ರಮಾಣಪತ್ರ ಕೊಡುವ ವ್ಯಾಪಾರಕ್ಕೆ ಖಗೋಳ ವಿಜ್ಞಾನದಲ್ಲಿ ಬೆಲೆಯಿಲ್ಲ. ನಕ್ಷತ್ರಗಳ ಅಧಿಕೃತ ಹೆಸರುಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅವನ್ನು ಮಾರುವುದಿಲ್ಲ. ಗುಮ್ಮಟದ ಒಳಮೈ ಮೇಲೂ ದಾನಿಗಳ ಹೆಸರು ಬರೆಯಲಾಗದು, ಆ ಜಾಗ ಈಗಾಗಲೇ ತುಂಬಿದೆ. ಬೇಡವೆನ್ನದ ದಾನಿಗಳ ಹೆಸರುಗಳನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಮಾಡುತ್ತೇವೆ.

ಹನಿಗೂಡಿದರೆ ಹಳ್ಳ ಎಂಬ ಮಾತನ್ನು ದೇಣಿಗೆ ಮನವಿಗಳಲ್ಲಿ ಓದಿ ಓದಿ ನಿಮಗೂ ಸಾಕಾಗಿರಬಹುದು. ಆದರೂ ನಮ್ಮ ಲೆಕ್ಕಕ್ಕೆ ಒಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತವೇ ಹೆಚ್ಚು ಉಪಯುಕ್ತ, ಏಕೆಂದರೆ ಸಂಬಳ ಕೊಡಬೇಕಾದದ್ದು ತಿಂಗಳು ತಿಂಗಳಿಗೆ. ಬ್ಯಾಂಕ್ ಮೂಲಕವಾಗಲಿ, ಚೆಕ್‌ನಿಂದಾಗಲಿ, ಟಿಕೆಟ್ ಕೌಂಟರ್‌ನಲ್ಲಾಗಲಿ ಕೊಡಬಹುದು. ಎಲ್ಲದಕ್ಕೂ ರಸೀದಿ ಉಂಟು. ‘ವಿವರಣೆಗಾರರ ನಿಧಿ’, ‘ಸಂಚಾರಿ ಗುಮ್ಮಟ’, ‘ದುರಸ್ತಿ’ ಇವುಗಳಲ್ಲಿ ಯಾವುದಕ್ಕೆಂದು ಬರೆದರೆ ಆ ಹಣ ಅದಕ್ಕೇ ಹೋಗುತ್ತದೆ. ಏನೂ ಬರೆಯದಿದ್ದರೆ ಮೊದಲನೆಯದಕ್ಕೆ ಸೇರಿಸುತ್ತೇವೆ. ಲೆಕ್ಕಪರಿಶೋಧಕರು ಸಹಿ ಮಾಡಿದ ಆಯವ್ಯಯ ಪಟ್ಟಿ ಪ್ರತಿ ವರ್ಷ ಪ್ರವೇಶದ್ವಾರದ ಫಲಕದಲ್ಲಿರುತ್ತದೆ, ಕೇಳಿದವರಿಗೆ ಪ್ರತಿಯನ್ನೂ ಕೊಡುತ್ತೇವೆ. ಮನೆಯಲ್ಲಿ ಬಳಸದೆ ಬಿದ್ದಿರುವ ಬೈನಾಕ್ಯುಲರ್ ಅಥವಾ ದೂರದರ್ಶಕವಿದ್ದರೆ, ಮಸೂರ ಒಡೆದಿರದಿದ್ದರೆ, ಅದನ್ನೂ ಸ್ವೀಕರಿಸುತ್ತೇವೆ.

ಕೊಡುವ ಮೊದಲು ಒಮ್ಮೆ ಬಂದು ನೋಡಬೇಕು ಎನಿಸಿದರೆ ಶಾಲಾ ತಂಡಗಳು ಬರುವ ಬೆಳಗಿನ ಹೊತ್ತಿನಲ್ಲಿ ಬನ್ನಿ. ಚೆಂಡೊಂದನ್ನು ನಿಮ್ಮ ಕೈಗೂ ಕೊಡುತ್ತಾರೆ.

ಇಂತಿ,
ಟ್ರಸ್ಟಿನ ಆಡಳಿತ ಮಂಡಳಿಯ ಪರವಾಗಿ
ವಿಜ್ಞಾನ ಕೇಂದ್ರ ಮತ್ತು ತಾರಾಲಯ